‘ಅತಿಯಾಗಿ ಜಪಾನಿ’ ಎನಿಸಿಕೊಂಡ ಚಿತ್ರಗಳು ಜಗತ್ತಿನ ಮನೆ ಸೇರಿದ ಬಗೆ

1951ರಲ್ಲಿ ಒಂದು ದಿನ ಜಪಾನಿನ ಚಿತ್ರ ನಿರ್ದೇಶಕ ಅಕಿರಾ ಕುರೊಸಾವಾ ಟೋಕಿಯೊದ ತಾಮಾ ನದಿಗೆ ಗಾಳ ಹಾಕಲು ಹೋದರು. ಗಾಳದ ದಾರ ತುಂಡಾಯಿತು, ಬರಿಗೈಯಲ್ಲಿ ಮನೆಗೆ ಮರಳಿದರು. ಅದು ಅವರ ಪಾಲಿಗೆ ಸೋಲಿನ ಕಾಲ. ದಾಸ್ತೊಯೆವ್‌ಸ್ಕಿಯ ಕಾದಂಬರಿ ಆಧರಿಸಿ ಮಾಡಿದ್ದ ಚಿತ್ರವನ್ನು ಕಂಪನಿ ಮನಬಂದಂತೆ ಕತ್ತರಿಸಿ ತೆರೆಗೆ ತಂದಿತ್ತು, ವಿಮರ್ಶಕರು ಅದನ್ನು ಜರಿದಿದ್ದರು, ಮುಂದಿನ ಚಿತ್ರ ಮಾಡಿಸುವುದಾಗಿ ಹೇಳಿದ್ದ ದಾಯೇಯಿ ಕಂಪನಿಯೂ ಮಾತಿನಿಂದ ಹಿಂದೆ ಸರಿದಿತ್ತು. ಬಾಗಿಲಲ್ಲಿ ಎದುರಾದ ಹೆಂಡತಿ ಅಭಿನಂದನೆ ಹೇಳಿದಾಗ ಯಾವುದಕ್ಕೆಂದು ಅವರಿಗೆ ತಿಳಿಯಲಿಲ್ಲ. ಅವರ ‘ರಾಶೊಮಾನ್’ ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣ ಸಿಂಹ ಪ್ರಶಸ್ತಿ ಗೆದ್ದಿತ್ತು. ಚಿತ್ರ ಅಲ್ಲಿಗೆ ಹೋಗಿದೆ ಎಂಬುದೇ ನಿರ್ದೇಶಕರಿಗೆ ಗೊತ್ತಿರಲಿಲ್ಲ.

ಅದನ್ನು ಕಳುಹಿಸಬೇಕೆಂದು ಹಟ ಹಿಡಿದವರು ಟೋಕಿಯೊದಲ್ಲಿ ನೆಲೆಸಿದ್ದ ಇಟಲಿಯ ವಿದುಷಿ ಜೂಲಿಯಾನಾ ಸ್ತ್ರಾಮಿಜೋಲಿ. ಚಿತ್ರಕ್ಕೆ ಹಣ ಹಾಕಿದ್ದ ದಾಯೇಯಿಯ ಮುಖ್ಯಸ್ಥ ಮಸಾಇಚಿ ನಾಗಾತಾ ತನಗೆ ಇದರ ತಲೆಬುಡ ತಿಳಿಯಲಿಲ್ಲವೆಂದಿದ್ದರು. ಚಿತ್ರೀಕರಣಕ್ಕೆ ಮೊದಲು ಸಹಾಯಕ ನಿರ್ದೇಶಕರು ಮೂವರು ಕುರೊಸಾವಾ ಬಳಿಗೆ ಬಂದು ಚಿತ್ರಕಥೆ ಅರ್ಥವಾಗುತ್ತಿಲ್ಲ ಎಂದು ದೂರಿದ್ದರಂತೆ. ಒಂದು ಕೊಲೆಗೆ ಹಲವು ಸಾಕ್ಷ್ಯ, ಒಂದಕ್ಕೊಂದು ಹೊಂದದ ಸಾಕ್ಷ್ಯ; ಮನುಷ್ಯ ತನ್ನ ಬಗ್ಗೆ ಹೇಳಿಕೊಳ್ಳುವಾಗ ಬಣ್ಣ ಹಚ್ಚದೆ ಹೇಳಲಾರ ಎಂಬುದೇ ಅದರ ತಿರುಳು. ಪ್ರಶಸ್ತಿ ಘೋಷಣೆಗೆ ಎರಡು ದಿನ ಮೊದಲು, ಸೆಪ್ಟೆಂಬರ್ 8ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿನೊಂದಿಗಿನ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಸೋತು, ಸುಟ್ಟು, ಅಮೆರಿಕದ ಆಡಳಿತದಡಿ ಬದುಕುತ್ತಿದ್ದ ದೇಶಕ್ಕೆ ಆ ಗೆಲುವು ಎಷ್ಟು ದೊಡ್ಡದಾಗಿ ಕಂಡಿರಬೇಕೆಂದು ಊಹಿಸಬಹುದು.

ಇದಾದ ಕೆಲವೇ ತಿಂಗಳಿಗೆ, 1952ರಲ್ಲಿ, ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ರಾಶೊಮಾನ್’ ನಮ್ಮ ದೇಶಕ್ಕೂ ಬಂತು. ಕಲ್ಕತ್ತದಲ್ಲಿ ಅದನ್ನು ಸತತ ಮೂರು ದಿನ ನೋಡಿದವರು ಆಗಿನ್ನೂ ತಮ್ಮ ಮೊದಲ ಚಿತ್ರವನ್ನು ಮುಗಿಸಿರದ ಸತ್ಯಜಿತ್ ರೇ. ಛಾಯಾಗ್ರಾಹಕ ಕಝುವೊ ಮಿಯಾಗಾವಾ ಕ್ಯಾಮೆರಾವನ್ನು ನೇರ ಸೂರ್ಯನತ್ತ ತಿರುಗಿಸಿದ್ದರು. ದಟ್ಟ ಕಾಡಿನೊಳಗೆ ಬೆಳಕು ಸಾಲದಾದಾಗ ಕನ್ನಡಿ ಹಿಡಿದು ಎಲೆಗಳ ನಡುವಿನಿಂದ ಬಿಸಿಲನ್ನು ನಟರ ಮುಖಕ್ಕೆ ಬೀಳಿಸಿದ್ದರು. ಪಾಳುಬಿದ್ದ ಹೆಬ್ಬಾಗಿಲ ಮೇಲೆ ಸುರಿಯುವ ಮಳೆ ಬೂದು ಆಕಾಶದ ಎದುರು ಕಾಣದೆ ಹೋದೀತೆಂದು ನೀರಿಗೆ ಕಪ್ಪು ಶಾಯಿ ಬೆರೆಸಿದ್ದರು. ಇಂಥ ಕೈಕೆಲಸ ಒಬ್ಬ ಪ್ರತಿಭಾವಂತನಿಗೆ ಒಂದೇ ದಿನ ಹೊಳೆಯುವುದಲ್ಲ. ಅದರ ಹಿಂದೆ ಅರ್ಧ ಶತಮಾನದ ರೂಢಿಯಿತ್ತು.

ಜಪಾನಿನಲ್ಲಿ ಮೂಕಿ ಚಿತ್ರಗಳು ನಿಜವಾಗಿ ಮೂಕವಾಗಿರಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಕತೆ ಹೇಳುತ್ತ, ಪಾತ್ರಗಳ ಮಾತನ್ನು ದನಿ ಬದಲಿಸಿ ಆಡುತ್ತಿದ್ದ ‘ಬೆನ್ಶಿ’ಗಳಿದ್ದರು. ಕಬುಕಿ ಮತ್ತು ಬೊಂಬೆಯಾಟಗಳ ನಿರೂಪಕರ ಪರಂಪರೆಯಿಂದ ಬಂದ ಈ ಕಲಾವಿದರಲ್ಲಿ ಕೆಲವರು ತೆರೆಯ ಮೇಲಿನ ತಾರೆಯರಷ್ಟೇ ಹೆಸರುವಾಸಿಯಾಗಿದ್ದರು. ಅವರ ಜನಪ್ರಿಯತೆಯಿಂದಾಗಿಯೇ ಅಲ್ಲಿ ಟಾಕಿ ತಡವಾಗಿ ನೆಲೆಯೂರಿತು. ಪೂರ್ಣ ಪ್ರಮಾಣದ ಮೊದಲ ಮಾತಿನ ಚಿತ್ರ 1931ರಲ್ಲಿ ಬಂದರೂ ಮೂವತ್ತರ ದಶಕದ ನಡುಭಾಗದವರೆಗೆ ಮೂಕಿ ಚಿತ್ರಗಳು ತಯಾರಾಗುತ್ತಲೇ ಇದ್ದವು. ಕುರೊಸಾವಾರ ಅಣ್ಣ ಹೇಗೊ ಬೆನ್ಶಿಯಾಗಿದ್ದರು. ಟಾಕಿ ಆ ವೃತ್ತಿಯನ್ನೇ ನುಂಗಿದ ಹೊತ್ತಿನಲ್ಲಿ, 1933ರಲ್ಲಿ, ಅವರು ಜೀವ ಕಳೆದುಕೊಂಡರು. ಈ ತಡದಿಂದ ಒಂದು ಲಾಭವೂ ಆಯಿತೆಂಬುದು ನನ್ನ ನಂಬಿಕೆ. ಮಾತಿನ ಆಸರೆಯಿಲ್ಲದೆ ಚಿತ್ರದಲ್ಲೇ ಹೇಳುವ ಕಲೆಯನ್ನು ಕಲಿಯಲು ಯಾಸುಜಿರೊ ಓಝು, ಕೆಂಜಿ ಮಿಝೊಗುಚಿ, ಮಿಕಿಯೊ ನರುಸೆಯಂಥವರಿಗೆ ಹೆಚ್ಚು ವರ್ಷಗಳು ಸಿಕ್ಕವು.

ಈ ಮೂವರೂ ಕಂಪನಿಗಳ ಸಂಬಳದಾರರು. ವಾರವಾರ ಹೊಸ ಚಿತ್ರ ಬಯಸುವ ಸಾವಿರಾರು ಚಿತ್ರಮಂದಿರಗಳಿಗಾಗಿ ಅವರು ದುಡಿದರು. ಹೊಸಬರು ವರ್ಷಗಟ್ಟಲೆ ಸಹಾಯಕರಾಗಿ ಮಣ್ಣು ಹೊತ್ತ ಮೇಲೆಯೇ ನಿರ್ದೇಶಕರ ಕುರ್ಚಿ ಸಿಗುತ್ತಿತ್ತು; ಮುಂದೆ ಕಾನ್ ಚಿತ್ರೋತ್ಸವದ ಸ್ವರ್ಣ ತಾಳೆಯನ್ನು ಎರಡು ಬಾರಿ ಗೆದ್ದ ಶೊಹೆಯಿ ಇಮಾಮುರಾ ಕೂಡ ಓಝು ಕೈಕೆಳಗೆ ದುಡಿದವರೇ. ಅದೇ ಬರಹಗಾರ, ಅದೇ ಛಾಯಾಗ್ರಾಹಕ, ಅದೇ ನಟವರ್ಗ ವರ್ಷದಿಂದ ವರ್ಷಕ್ಕೆ ಒಂದೇ ಸೂರಿನಡಿ ಕೂಡಿ ಬದುಕಿದ್ದರಿಂದ ಬಂದ ಹದ ಆ ಚಿತ್ರಗಳ ಪ್ರತಿ ಚೌಕಟ್ಟಿನಲ್ಲೂ ಇದೆ. 1958ರಲ್ಲಿ ಜಪಾನಿನಲ್ಲಿ ಮಾರಾಟವಾದ ಚಿತ್ರಮಂದಿರದ ಟಿಕೆಟ್ಟುಗಳು 112 ಕೋಟಿಗೂ ಹೆಚ್ಚು. ನಾವು ಇಂದು ಶಾಸ್ತ್ರೀಯವೆಂದು ಗೌರವಿಸುವ ಚಿತ್ರಗಳು ಗೃಹಿಣಿಯರು, ಗುಮಾಸ್ತರು, ಕಾಲೇಜು ಹುಡುಗರು ರಜೆಯ ದಿನ ಹೋಗಿ ನೋಡಿ ಬಂದ ಚಿತ್ರಗಳು.

ವೆನಿಸ್ ಗೆಲುವಿನ ನಂತರ ಕಂಪನಿಗಳಿಗೆ ರಫ್ತಿನ ಆಸೆ ಹತ್ತಿತು. ಹೊರಗಿನವರಿಗೆ ಬೇಕಿರುವುದು ಖಡ್ಗ, ಕಿಮೊನೊ, ಹಳೆಯ ಕಾಲದ ವೈಭವ ಎಂದು ನಾಗಾತಾ ಲೆಕ್ಕ ಹಾಕಿದರು, ಆ ಲೆಕ್ಕ ತಪ್ಪಲೂ ಇಲ್ಲ. ಬಣ್ಣದ ‘ಗೇಟ್ ಆಫ್ ಹೆಲ್’ 1954ರಲ್ಲಿ ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಮಿಝೊಗುಚಿಯ ‘ಉಗೆತ್ಸು’ ಮತ್ತು ‘ಸಾನ್ಶೊ ದಿ ಬೇಲಿಫ್’ ವೆನಿಸ್‌ನಲ್ಲಿ ರಜತ ಸಿಂಹ ಗೆದ್ದವು. ಕುರೊಸಾವಾರ ‘ಸೆವೆನ್ ಸಮುರಾಯ್’ ಆರು ವರ್ಷಗಳಲ್ಲಿ ಹಾಲಿವುಡ್ಡಿನ ಕೌಬಾಯ್ ಚಿತ್ರವಾಗಿ ಮರುಜನ್ಮ ತಾಳಿತು. ಆದರೆ ಸಮಕಾಲೀನ ನಗರದ ಮನೆಗಳ ಕತೆ ಹೇಳುತ್ತಿದ್ದ ಓಝುವನ್ನು ಶೊಚಿಕು ಕಂಪನಿ ಹೊರದೇಶಕ್ಕೆ ಕಳುಹಿಸಲು ಹಿಂಜರಿಯಿತು. ಚಾಪೆಯ ಮೇಲೆ ಕೂತು ಹಸಿರು ಚಹಾ ಕುಡಿಯುತ್ತ ಮಗಳ ಮದುವೆಯ ಮಾತಾಡುವ ತಂದೆಯರು ಪರದೇಶದವರಿಗೆ ಏನು ಹೇಳಿಯಾರು? ಅವು ‘ಅತಿಯಾಗಿ ಜಪಾನಿ’ ಎಂಬುದು ಅಲ್ಲಿನ ತೀರ್ಮಾನ.

ಆ ತೀರ್ಮಾನ ಎಷ್ಟು ತಪ್ಪಿತ್ತು ಎಂಬುದಕ್ಕೆ 1953ರ ‘ಟೋಕಿಯೊ ಸ್ಟೋರಿ’ಯೇ ಸಾಕ್ಷಿ. ಒನೊಮಿಚಿ ಎಂಬ ಕಡಲತಡಿಯ ಊರಿನ ವೃದ್ಧ ದಂಪತಿ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ಮಗ ಡಾಕ್ಟರು, ರೋಗಿಗಳು ಕರೆದರೆ ಹೋಗಲೇಬೇಕು. ಮಗಳದು ಕೇಶಾಲಂಕಾರದ ಅಂಗಡಿ, ಗಿರಾಕಿಗಳನ್ನು ಬಿಟ್ಟು ಏಳುವಂತಿಲ್ಲ. ಯಾರೂ ಕೆಟ್ಟವರಲ್ಲ, ಯಾರಿಗೂ ಪುರಸೊತ್ತಿಲ್ಲ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಮಾತ್ರ ಕಚೇರಿಗೆ ರಜೆ ಹಾಕಿ ಅತ್ತೆ ಮಾವನನ್ನು ಬಸ್ಸಿನಲ್ಲಿ ಊರು ಸುತ್ತಿಸುತ್ತಾಳೆ. ಅವರು ಊರಿಗೆ ಮರಳಿದ ಬೆನ್ನಿಗೇ ಅತ್ತೆ ತೀರಿಕೊಳ್ಳುತ್ತಾಳೆ. ಬೆಳಗಿನ ಜಾವ ಸಾವು ಸಂಭವಿಸಿದ ಮೇಲೆ ಮುದುಕ ಕಾಣಿಸುವುದಿಲ್ಲ; ಹುಡುಕಿಕೊಂಡು ಹೋದ ನೊರಿಕೊಗೆ ಅವನು ಹೊರಗೆ ಕಡಲ ಕಡೆ ನೋಡುತ್ತ ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ಚೆಂದದ ಮುಂಜಾವು, ಇವತ್ತೂ ಸೆಕೆಯಾಗುತ್ತದೆ ಎಂಬಷ್ಟನ್ನು ಹೇಳಿ ಅವನು ಮನೆಯತ್ತ ನಡೆಯುತ್ತಾನೆ. ಅಳು ಇಲ್ಲ, ಮುಖವನ್ನು ಹಿಂಬಾಲಿಸುವ ಕ್ಯಾಮೆರಾ ಇಲ್ಲ. ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ತುಸು ಕೆಳಗೆ ಕ್ಯಾಮೆರಾ ಇಡುತ್ತಿದ್ದ ಓಝು ಅದನ್ನು ಅಲುಗಿಸುತ್ತಿದ್ದುದು ತೀರ ಅಪರೂಪ. ನೋಡುವವರು ಆ ಮನೆಗೆ ಬಂದ ನೆಂಟರಂತೆ ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು, ಆಡದೆ ಉಳಿದದ್ದನ್ನು ತಾವೇ ತುಂಬಿಕೊಳ್ಳಬೇಕು. ಊರಲ್ಲಿ ತಂದೆತಾಯಿಯನ್ನು ಬಿಟ್ಟು ಬೆಂಗಳೂರಿಗೋ ಇನ್ನೂ ದೂರಕ್ಕೋ ಬಂದವರು ಈ ಚಿತ್ರದ ಎದುರು ನಿರುಮ್ಮಳವಾಗಿ ಕೂರುವುದು ಕಷ್ಟ.

1958ರಲ್ಲಿ ಈ ಚಿತ್ರಕ್ಕೆ ಲಂಡನ್ನಿನಲ್ಲಿ ಸದರ್‌ಲ್ಯಾಂಡ್ ಟ್ರೋಫಿ ಬಂತು. ನ್ಯೂಯಾರ್ಕಿನಲ್ಲಿ ಅದು ಬಿಡುಗಡೆಯಾದದ್ದು 1972ರಲ್ಲಿ. ಓಝು ತಮ್ಮ ಅರುವತ್ತನೆಯ ಹುಟ್ಟುಹಬ್ಬದಂದೇ, 1963ರ ಡಿಸೆಂಬರ್ 12ರಂದು, ತೀರಿಕೊಂಡು ಆಗ ಎಂಟು ವರ್ಷಗಳಾಗಿದ್ದವು. 2012ರಲ್ಲಿ ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ‘ಅತಿಯಾಗಿ ಜಪಾನಿ’ ಎನಿಸಿಕೊಂಡವರ ಚಿತ್ರವೇ ಮೊದಲ ಸ್ಥಾನದಲ್ಲಿತ್ತು.

ಅಷ್ಟರಲ್ಲಿ ಆ ಚಿತ್ರಗಳನ್ನು ಕೊಟ್ಟ ವ್ಯವಸ್ಥೆ ಮುರಿದುಬಿದ್ದಿತ್ತು. 1959ರಲ್ಲಿ ಯುವರಾಜನ ಮದುವೆ, 1964ರಲ್ಲಿ ಟೋಕಿಯೊ ಒಲಿಂಪಿಕ್ಸ್. ಎರಡನ್ನೂ ಜನ ಮನೆಯ ಟಿ.ವಿ.ಯಲ್ಲಿ ನೋಡಿದರು. ಪ್ರೇಕ್ಷಕರ ಸಂಖ್ಯೆ ಹನ್ನೆರಡು ವರ್ಷಗಳಲ್ಲಿ ಕಾಲು ಭಾಗಕ್ಕಿಂತ ಕೆಳಗಿಳಿಯಿತು. 1971ರಲ್ಲಿ ದಾಯೇಯಿ ದಿವಾಳಿಯೆದ್ದಿತು.

ಕರ್ನಾಟಕಕ್ಕೆ ಈ ಚಿತ್ರಗಳ ಪರಿಚಯ ಮಾಡಿಸಿದ್ದು ಫಿಲ್ಮ್ ಸೊಸೈಟಿಗಳು. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜ, ಅಡಿಕೆ ತೋಟಗಳ ನಡುವಿನ ಹಳ್ಳಿಯವರ ಮುಂದೆ ಲೋಕದ ಶ್ರೇಷ್ಠ ಚಿತ್ರಗಳನ್ನು ಯಾವ ಅಂಜಿಕೆಯೂ ಇಲ್ಲದೆ ಇಟ್ಟಿತು. ಗಿರೀಶ ಕಾಸರವಳ್ಳಿಯವರು ತಮ್ಮ ಮೇಲೆ ಓಝು ಬೀರಿದ ಪ್ರಭಾವವನ್ನು ಮುಚ್ಚಿಟ್ಟವರಲ್ಲ. ಅವರ ಚಿತ್ರಗಳಲ್ಲಿ ಬಾಗಿಲು, ಕಂಬ, ನಡುಮನೆಗಳು ಪಾತ್ರಗಳಷ್ಟೇ ಮಾತಾಡುವುದನ್ನು ಗಮನಿಸಿದವರಿಗೆ ಆ ನಂಟು ತಾನಾಗಿ ಕಾಣುತ್ತದೆ. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿಂದ ಹೇಳುವ 2014ರ ‘ಉಳಿದವರು ಕಂಡಂತೆ’ ಬಂದಾಗ ‘ರಾಶೊಮಾನ್’ ಹೆಸರು ಮತ್ತೆ ಕನ್ನಡಿಗರ ಬಾಯಿಗೆ ಬಂತು.

ಇಂದಿಗೂ ಈ ಖಜಾನೆ ಪೂರ್ತಿ ತೆರೆದಿಲ್ಲ. ಮಿಝೊಗುಚಿಯ ನಾಯಕಿಯೆಂದೇ ಲೋಕಕ್ಕೆ ಗೊತ್ತಿದ್ದ ಕಿನುಯೊ ತನಾಕಾ 1953ರಿಂದ 1962ರವರೆಗೆ ಆರು ಚಿತ್ರಗಳನ್ನು ನಿರ್ದೇಶಿಸಿದ್ದರು. ಅವು ಹೊಸ ಪ್ರತಿಗಳಾಗಿ ಯುರೋಪು, ಅಮೆರಿಕಗಳ ಪ್ರೇಕ್ಷಕರನ್ನು ತಲುಪಿದ್ದು ತೀರ ಈಚೆಗೆ. ತೆಯಿನೊಸುಕೆ ಕಿನುಗಾಸಾ 1926ರಲ್ಲಿ ಮಾಡಿದ, ಕಳೆದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ‘ಎ ಪೇಜ್ ಆಫ್ ಮ್ಯಾಡ್‌ನೆಸ್’ 1971ರಲ್ಲಿ ಅವರದೇ ಮನೆಯ ಉಗ್ರಾಣದಲ್ಲಿ ಸಿಕ್ಕಿತು. ಇಂಥ ಭಾಗ್ಯ ಎಲ್ಲ ಚಿತ್ರಗಳಿಗೂ ಇರಲಿಲ್ಲ. 1923ರ ಭೂಕಂಪ, ಯುದ್ಧದ ಬಾಂಬು, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು ಎಲ್ಲ ಸೇರಿ ಯುದ್ಧಪೂರ್ವದ ಬಹುಪಾಲು ಚಿತ್ರಗಳನ್ನು ಇಲ್ಲವಾಗಿಸಿವೆ.

ಓಝು ಅವರ ಗೆಳೆಯ ಸದಾವೊ ಯಮಾನಾಕಾ ಮೂವತ್ತು ತುಂಬುವ ಮೊದಲೇ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಮಾಡಿದ್ದರು. 1937ರಲ್ಲಿ ಸೇನೆ ಅವರನ್ನು ಕರೆಸಿಕೊಂಡಿತು. ಮರುವರ್ಷ ಚೀನಾದ ಯುದ್ಧಭೂಮಿಯಲ್ಲಿ ಕಾಯಿಲೆ ಬಿದ್ದು 28ನೇ ವಯಸ್ಸಿನಲ್ಲಿ ಸತ್ತರು. ಅವರ ಚಿತ್ರಗಳಲ್ಲಿ ಪೂರ್ತಿಯಾಗಿ ಉಳಿದಿರುವುದು ಮೂರು. ಕೊನೆಯದಾದ ‘ಹ್ಯುಮಾನಿಟಿ ಆ್ಯಂಡ್ ಪೇಪರ್ ಬಲೂನ್ಸ್’ನಲ್ಲಿ ಕೆಲಸ ಕಳೆದುಕೊಂಡ ಸಮುರಾಯ್ ಒಬ್ಬ ಬಡವರ ವಠಾರದಲ್ಲಿದ್ದಾನೆ, ಹೆಂಡತಿ ಕಾಗದದ ಬುಗ್ಗೆ ಅಂಟಿಸಿ ಸಂಸಾರ ತೂಗಿಸುತ್ತಾಳೆ. ಇಬ್ಬರೂ ಇಲ್ಲವಾದ ಮರುದಿನ ಬೆಳಗ್ಗೆ ಒಂದು ಬುಗ್ಗೆ ಉರುಳಿ ವಠಾರದ ಚರಂಡಿಗೆ ಬೀಳುತ್ತದೆ. ನೀರು ಅದನ್ನು ನಿಧಾನವಾಗಿ ಹೊತ್ತೊಯ್ಯುತ್ತದೆ.