ಪೋಸ್ಟ್‌ಕಾರ್ಡಿನಲ್ಲಿ ಕೋವಿ ಹಿಡಿದ ಮಗು

ಮೊದಲ ಮಹಾಯುದ್ಧದ ಕಾಲದ ಫ್ರೆಂಚ್ ಪೋಸ್ಟ್‌ಕಾರ್ಡುಗಳು ಈಗಲೂ ಆನ್‌ಲೈನ್ ಹರಾಜಿನಲ್ಲಿ ಸಿಗುತ್ತವೆ. ಸೈನಿಕನ ವೇಷದ ಹುಡುಗ, ನರ್ಸ್ ವೇಷದ ಹುಡುಗಿ. ಕೆಲವರಿಗೆ ಅದು ಬರೀ ಮುದ್ದು, ಕೆಲವರಿಗೆ ಬರೀ ಸರ್ಕಾರಿ ಪ್ರಚಾರ. ಅಷ್ಟು ಸಲೀಸಲ್ಲ.

1871ರಲ್ಲಿ ಜರ್ಮನಿಗೆ ಸೋತ ಫ್ರಾನ್ಸ್, ಗಡಿಯ ಪ್ರಾಂತ್ಯಗಳಾದ ಅಲ್ಸೇಸನ್ನೂ ಲೊರೇನಿನ ಒಂದು ಭಾಗವನ್ನೂ ಕಳೆದುಕೊಂಡಿತು. 1882ರ ಹೊತ್ತಿಗೆ ಶಾಲೆಯಲ್ಲೇ ಹುಡುಗರಿಗೆ ಮರದ ಕೋವಿ ಕೊಟ್ಟು ಕವಾಯತು ಶುರುವಾಯಿತು. ಅದು ಹೆಚ್ಚು ಕಾಲ ನಡೆಯಲಿಲ್ಲ. ಆಮೇಲೆ ಚಿತ್ರದ ಪೋಸ್ಟ್‌ಕಾರ್ಡ್ ಮನೆಮನೆಗೂ ಬಂತು. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಸೈನಿಕರ ಅಂಚೆಗೆ ಸ್ಟಾಂಪು ಬೇಡವೆಂದಾಯಿತು. ಕಾರ್ಡು ಮಾರುವವರಿಗೆ ಇನ್ನೇನು ಬೇಕು?

ಈ ಕಾರ್ಡುಗಳು ತಯಾರಾಗುತ್ತಿದ್ದದ್ದು ಸ್ಟುಡಿಯೋದಲ್ಲಿ. ಹಿಂದೆ ಬಣ್ಣ ಬಳಿದ ಪರದೆ, ಮುಂದೆ ಅಳತೆಗೆ ಹೊಲಿಸಿದ ಸಮವಸ್ತ್ರ, ಕೈಗೊಂದು ಆಟಿಕೆ ಕೋವಿ. ಕಪ್ಪುಬಿಳುಪು ಫೋಟೋಗೆ ಆಮೇಲೆ ಬಣ್ಣ: ಕೆನ್ನೆಗೆ ಗುಲಾಬಿ, ಅಂಗಿಗೆ ತಿಳಿನೀಲಿ. ಹುಡುಗಿ ತಲೆಗೆ ದೊಡ್ಡ ಕಪ್ಪು ರಿಬ್ಬನ್ ಕಟ್ಟಿದ್ದರೆ ಅವಳೇ ಅಲ್ಸೇಸ್, ಬಿಡಿಸಿಕೊಂಡು ಹೋಗಲು ಕಾಯುತ್ತಿರುವವಳು. ಕಾರ್ಡಿನ ಕಾಲ ಗೊತ್ತಾಗಬೇಕಾದರೆ ಬಟ್ಟೆ ನೋಡಿ. ಕೆಂಪು ಪ್ಯಾಂಟು ಇದ್ದರೆ ಯುದ್ಧದ ಶುರುವಿನದು. ಉಕ್ಕಿನ ಹೆಲ್ಮೆಟ್ ಇದ್ದರೆ 1915ಕ್ಕಿಂತ ಹಿಂದಿನದಲ್ಲ.

ಇನ್ನೊಂದು ಬಗೆ ಇನ್ನೂ ವಿಚಿತ್ರ. ಎಲೆಕೋಸಿನೊಳಗೆ ಸೈನಿಕರ ಟೋಪಿ ಹಾಕಿದ ಕೂಸುಗಳು! ಮಕ್ಕಳು ಎಲ್ಲಿಂದ ಬರುತ್ತವೆ ಅಂತ ಕೇಳಿದರೆ ಎಲೆಕೋಸಿನಿಂದ ಅನ್ನುವುದು ಅಲ್ಲಿನ ರೂಢಿ. ನಗುವಿನ ಹಿಂದೆ ಒಂದು ಲೆಕ್ಕವೂ ಇತ್ತು. ಜರ್ಮನಿಯ ಜನಸಂಖ್ಯೆ 6.5 ಕೋಟಿ ದಾಟಿತ್ತು, ಫ್ರಾನ್ಸಿನದು 4 ಕೋಟಿ ಮುಟ್ಟಿರಲಿಲ್ಲ. ರಜೆಗೆ ಬಂದ ಗಂಡ ಒಂದು ಮಗುವನ್ನಾದರೂ ಕೊಟ್ಟು ಹೋಗಲಿ ಅನ್ನುವುದೇ ಸಂದೇಶ.

ಇದನ್ನೆಲ್ಲ ಸರ್ಕಾರವೇ ಮಾಡಿಸಿತು ಅನ್ನುವ ಹಾಗಿಲ್ಲ. ಅಚ್ಚು ಹಾಕಿದವರು ಹೆಚ್ಚಾಗಿ ಖಾಸಗಿಯವರು. ಕೊಂಡವರು ಅಪ್ಪ, ಅಮ್ಮ, ಪ್ರೇಯಸಿ. ಸೆನ್ಸಾರ್ ಮಾಡಿದ್ದು ಇಷ್ಟೇ: ಒಪ್ಪಿಗೆ ಸಿಕ್ಕ ಎಷ್ಟೋ ಕಾರ್ಡುಗಳ ಅಂಚಿನಲ್ಲಿ ‘ವೀಸೆ ಪಾರಿ’ (ಪ್ಯಾರಿಸ್‌ನಲ್ಲಿ ಪರಿಶೀಲಿಸಿದ್ದು) ಅಂತ ಬರೆದು ಒಂದು ನಂಬರು ಇದೆ. ನನಗಂತೂ ಚಿತ್ರಕ್ಕಿಂತ ಆ ನಂಬರೇ ಜಾಸ್ತಿ ಕಿರಿಕಿರಿ. ಯಾರೋ ಮೇಜಿನ ಮುಂದೆ ಕೂತು, ಇದನ್ನು ನೋಡಿ, ಸರಿ ಅಂದಿದ್ದಾರೆ ಅಲ್ವಾ?

ಗಡಿಯಾಚೆ ಜರ್ಮನಿಯಲ್ಲೂ ಇಂಥವೇ ಕಾರ್ಡುಗಳು. ಹೆಲ್ಮೆಟ್ಟಿನ ಮೇಲೊಂದು ಮೊನೆ, ಅಷ್ಟೇ ವ್ಯತ್ಯಾಸ.

1918ರಲ್ಲಿ ಅಲ್ಸೇಸ್ ಫ್ರಾನ್ಸಿನ ಕೈಗೆ ಮರಳಿತು. ಅಷ್ಟರಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. 1916ರಲ್ಲಿ ಹುಟ್ಟಿದ ಗಂಡುಮಗುವಿಗೆ, 1939ರಲ್ಲಿ ಮತ್ತೆ ಸೈನ್ಯದ ಕರೆ ಬಂದಾಗ, ವಯಸ್ಸು 23.