ನಠಭೈರವಿಯ ಠಕಾರ: ರಾಗದ ಪುಸ್ತಕದಲ್ಲಿ ಉತ್ತರ ಹುಡುಕುವ ಬಗೆ

ಮಡಿಕೇರಿಯಲ್ಲಿ ಮಳೆ ಹಿಡಿದರೆ ಸಂಗೀತದ ಪಾಠ ವಾರಗಟ್ಟಲೆ ತಪ್ಪುತ್ತದೆ. ಗುರುಗಳನ್ನು ಕೇಳೋಣವೆಂದು ಬರೆದಿಟ್ಟ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ, ಬರೆದಿಟ್ಟ ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಜೂನಿಯರ್ ಪರೀಕ್ಷೆಗೆ ಓದುತ್ತಿರುವವರಿಗೆ ಇಂಥ ಒಂದು ಪ್ರಶ್ನೆಯ ಕಥೆ ಹೇಳುತ್ತೇನೆ.

ಅಕ್ಷರಗಳಿಗೆ ಅಂಕಿ ಕೊಟ್ಟು, ಮೇಳದ (ಅಂದರೆ ಮೂಲರಾಗದ) ಹೆಸರಿನಿಂದಲೇ ಪಟ್ಟಿಯಲ್ಲಿ ಅದರ ಸಂಖ್ಯೆ ತಿಳಿಸುವ ಕಟಪಯಾದಿ ಸೂತ್ರ ಗೊತ್ತಿರಬೇಕು. ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1; ಅಲ್ಲಿಂದ ಮುಂದಕ್ಕೆ ಎಣಿಕೆ. ಞ ಮತ್ತು ನ ಸೊನ್ನೆ. ರಾಗದ ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿಗಳನ್ನು ತಿರುಗಿಸಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15. ಸರಿ. ರಾಗದ ಪುಸ್ತಕದಲ್ಲಿದ್ದ ನಟಭೈರವಿಗೆ ಸೂತ್ರ ಹಾಕಿದೆ: ನ 0, ಟ 1, ಬಂದದ್ದು 10. ಆದರೆ ಪಟ್ಟಿಯಲ್ಲಿ ಅದು 20ನೆಯ ಮೇಳ, 10ನೆಯದು ನಾಟಕಪ್ರಿಯ. ಮುದ್ರಣದ ತಪ್ಪೆಂದು ಪೆನ್ಸಿಲಿನಲ್ಲಿ ತಿದ್ದಿಯೂ ಬಿಟ್ಟೆ!

ಮರುದಿನ ಅನುಮಾನ ಬಂತು. ಸಂಖ್ಯೆಯನ್ನು ಬದಿಗಿಟ್ಟು ಸ್ವರಗಳನ್ನು ನೋಡಿದೆ. 72 ಮೇಳಗಳು ಆರಾರರಂತೆ 12 ಚಕ್ರಗಳಲ್ಲಿವೆ. 10 ಎಂದರೆ ಎರಡನೆಯದಾದ ನೇತ್ರಚಕ್ರ, ಅಲ್ಲಿ ಶುದ್ಧ ರಿಷಭ, ಅಂದರೆ ‘ರಿ’ ಸ್ವರದ ಕೆಳಗಿನ ಬಗೆ. 20 ಎಂದರೆ ವೇದಚಕ್ರ, ಅಲ್ಲಿ ಅದಕ್ಕಿಂತ ಮೇಲಿನ ಚತುಶ್ರುತಿ ರಿಷಭ. ಪುಸ್ತಕ ಈ ರಾಗಕ್ಕೆ ಕೊಟ್ಟಿದ್ದು ಚತುಶ್ರುತಿ. ಅಂದರೆ ಸಂಖ್ಯೆ ಸರಿಯಾಗಿಯೇ ಇದೆ, ತಪ್ಪು ಹೆಸರಿನ ಕಾಗುಣಿತದಲ್ಲಿರಬೇಕು. ಇನ್ನೊಂದು ಪುಸ್ತಕ ತೆರೆದರೆ ಅಲ್ಲಿ ‘ನಠಭೈರವಿ’ ಎಂದಿತ್ತು. ಠ ಎಂದರೆ 2. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಪದ್ಧತಿಯಲ್ಲಿ ಇದೇ ಸ್ಥಾನಕ್ಕೆ ‘ನಾರೀರೀತಿಗೌಳ’ ಎಂಬ ಬೇರೆ ಹೆಸರಿದೆ: ನ 0, ರ 2, ಅಲ್ಲಿಯೂ 20. ಪೆನ್ಸಿಲಿನ ಗುರುತನ್ನು ಅಳಿಸಿದೆ.

ಮೇಳದ ಪಟ್ಟಿಯಲ್ಲಿ ತೋಡಿ, ಕಲ್ಯಾಣಿ, ಶಂಕರಾಭರಣಗಳನ್ನು ಆ ಹೆಸರಿನಲ್ಲಿ ಹುಡುಕಬೇಡಿ. ಸೂತ್ರಕ್ಕೆ ಹೊಂದಲೆಂದು ಮುಂದೆ ಅಕ್ಷರ ಅಂಟಿಸಿ ಹನುಮತೋಡಿ, ಮೇಚಕಲ್ಯಾಣಿ, ಧೀರಶಂಕರಾಭರಣ ಎಂದು ಮಾಡಿದ್ದಾರೆ. ತಕಾರದ ಪುಟಗಳನ್ನೆಲ್ಲ ಮಗುಚಿ ನಾನು ಒಂದು ಸಂಜೆ ಕಳೆದದ್ದುಂಟು.

ಯಾವ ಪ್ರಶ್ನೆಯನ್ನು ಯಾವ ಪುಸ್ತಕಕ್ಕೆ ಕೇಳಬೇಕೆಂಬುದೂ ಮುಖ್ಯ. ಕೊಡವರ ಹಾಡು, ಪದ್ಧತಿಗಳನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ನಮ್ಮೂರಿನ ಅನೇಕ ಮನೆಗಳಲ್ಲಿ ಸಿಗುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯ ಹಾಡು ಯಾವ ರಾಗವೆಂದು ಅದರಲ್ಲಿ ಹುಡುಕಿ ಸೋತೆ. ಹಾಡಿನ ಮಾತು, ಸಂದರ್ಭ, ಕಟ್ಟುಪಾಡು ಬೇಕಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದುಡಿ ಎಂಬ ಪುಟ್ಟ ಚರ್ಮವಾದ್ಯದ ಜೊತೆ ಹಾಡುವ ಹಾಡನ್ನು ಮೇಳಕರ್ತದ ಚೌಕಟ್ಟಿಗೆ ತುರುಕಲು ಹೊರಟದ್ದೇ ನನ್ನ ತಪ್ಪು.

ಒತ್ತಕ್ಷರಗಳು ಇನ್ನೂ ಕಾಡುತ್ತವೆ. ರತ್ನಾಂಗಿಯಲ್ಲಿ ‘ತ್ನ’ದ ನಕಾರ ಹಿಡಿದರೆ 2ನೆಯ ಮೇಳ ಸರಿಯಾಗಿ ಬರುತ್ತದೆ, ದಿವ್ಯಮಣಿಯಲ್ಲಿ ಮಾತ್ರ ‘ವ್ಯ’ದ ವಕಾರವನ್ನೇ ಹಿಡಿಯಬೇಕು, ಆಗ 48. ಚಕ್ರವಾಕವೂ ದಿವ್ಯಮಣಿಯ ಕಡೆಯೇ. ಒಂದೇ ನಿಯಮ ಎಲ್ಲಕ್ಕೂ ಹೊಂದುವುದಿಲ್ಲವಾದ್ದರಿಂದ ಇಂಥ ಹೆಸರುಗಳಿಗೆ ಪ್ರತಿಸಲವೂ ಸ್ವರಗಳ ಸಾಕ್ಷಿ ಕೇಳಿ. ಸಿಂಹೇಂದ್ರಮಧ್ಯಮ 57ನೆಯದು, ನಾವು ಸೊನ್ನೆ ಎಂದು ಕರೆಯುವ ಅನುಸ್ವಾರಕ್ಕೆ ಅಲ್ಲಿ ಸಿಕ್ಕಿರುವ ಬೆಲೆ ಸೊನ್ನೆಯಲ್ಲ, ಮಕಾರದ 5.