ಒಂದೇ ತಪ್ಪಿಗೆ ಒಬ್ಬೊಬ್ಬ ಜಡ್ಜ್ ಒಂದೊಂದು ಶಿಕ್ಷೆ ಕೊಡುವುದೇಕೆ?

ಓದುಗರ ಪ್ರಶ್ನೆ: ಒಂದೇ ಥರದ ಅಪರಾಧಕ್ಕೆ ಒಂದು ಕೋರ್ಟಿನಲ್ಲಿ ಎರಡು ವರ್ಷ ಜೈಲು, ಇನ್ನೊಂದರಲ್ಲಿ ಏಳು ವರ್ಷ. ಇದು ಅನ್ಯಾಯ ಅಲ್ವಾ? ಇಂಥ ತಪ್ಪಿಗೆ ಇಷ್ಟೇ ಶಿಕ್ಷೆ ಎಂದು ಕಾನೂನಿನಲ್ಲೇ ಬರೆದುಬಿಟ್ಟರೆ ಆಗುವುದಿಲ್ಲವೇ?

ಉತ್ತರ: ನಿಮ್ಮ ಸಂಕಟ ನ್ಯಾಯವಾದದ್ದೇ. ಕಾನೂನು ಸಾಮಾನ್ಯವಾಗಿ ‘ಇಷ್ಟು ವರ್ಷಗಳವರೆಗೆ’ ಎಂದು ಹೇಳಿ ನಿಲ್ಲುತ್ತದೆ. ಅದರೊಳಗೆ ಎಷ್ಟು ಎನ್ನುವುದು ಜಡ್ಜ್‌ಗೆ ಬಿಟ್ಟದ್ದು.

ಈ ಸ್ವಾತಂತ್ರ್ಯ ಎಷ್ಟು ದೂರ ಹೋಗಬಲ್ಲದು ಎಂದು 1974ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ನ್ಯೂಯಾರ್ಕ್, ಕನೆಕ್ಟಿಕಟ್, ವರ್ಮಾಂಟ್ ಭಾಗದ 50 ಫೆಡರಲ್ ಜಡ್ಜ್‌ಗಳಿಗೆ 20 ಕೇಸುಗಳ ಕಡತ ಕೊಟ್ಟು, ‘ನೀವಾದರೆ ಏನು ಶಿಕ್ಷೆ ಕೊಡುತ್ತೀರಿ?’ ಎಂದು ಕೇಳಿದರು. ಎಲ್ಲರ ಮುಂದೆಯೂ ಅವೇ ಕಾಗದ, ಅವೇ ವಿವರ. ಒಂದು ಸುಲಿಗೆ ಕೇಸಿಗೆ ಒಬ್ಬರು 20 ವರ್ಷ ಜೈಲು, ಜೊತೆಗೆ 65,000 ಡಾಲರ್ ದಂಡ ಎಂದರು. ಇನ್ನೊಬ್ಬರು ಅದೇ ಮನುಷ್ಯನಿಗೆ 3 ವರ್ಷ ಸಾಕು, ದಂಡ ಬೇಡ ಎಂದರು. 17 ವರ್ಷದ ವ್ಯತ್ಯಾಸ! ಅಷ್ಟರಲ್ಲಿ ಹುಟ್ಟಿದ ಮಗು ಕಾಲೇಜು ಸೇರಿರುತ್ತದೆ.

ಹಾಗಾದರೆ ಶಿಕ್ಷೆಯನ್ನು ಬಿಗಿಯಾಗಿ ಬರೆದುಬಿಡೋಣವೇ? ಅದನ್ನೂ ಅಮೆರಿಕ ಮಾಡಿ ನೋಡಿತು. 1986ರ ಕಾನೂನಿನ ಪ್ರಕಾರ, ಮಾರಾಟಕ್ಕೆಂದು 5 ಗ್ರಾಂ ಕ್ರ್ಯಾಕ್ ಕೊಕೇನ್ (ಪುಡಿ ಕೊಕೇನ್‌ನಿಂದಲೇ ಮಾಡುವ, ಸೇದುವ ಹರಳು) ಇಟ್ಟುಕೊಂಡವನಿಗೂ 500 ಗ್ರಾಂ ಪುಡಿ ಕೊಕೇನ್ ಇಟ್ಟುಕೊಂಡವನಿಗೂ ಕನಿಷ್ಠ 5 ವರ್ಷ ಜೈಲು. ಯಾವ ಜಡ್ಜ್ ಮುಂದೆ ಹೋದರೂ ಲೆಕ್ಕ ಅದೇ. ಆದರೆ ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದವರಲ್ಲಿ ಹೆಚ್ಚಿನವರು ಕಪ್ಪು ಜನ. ಒಂದೇ ಸಮನಾಗಿ ನಡೆದ ಅನ್ಯಾಯ ಅದು. 2010ರಲ್ಲಿ ಆ ನೂರು ಪಟ್ಟಿನ ಅಂತರವನ್ನು 18 ಪಟ್ಟಿಗೆ ಇಳಿಸಿದರು, ಪೂರ್ತಿ ತೆಗೆಯಲಿಲ್ಲ. ಇನ್ನೊಂದು ತೊಂದರೆಯೂ ಇದೆ. ಶಿಕ್ಷೆ ಮೊದಲೇ ಗೊತ್ತಾಗಿದ್ದರೆ, ಯಾವ ಆರೋಪ ಹೊರಿಸಬೇಕು ಎಂದು ತೀರ್ಮಾನಿಸುವ ಸರ್ಕಾರಿ ವಕೀಲರೇ ಶಿಕ್ಷೆಯನ್ನೂ ತೀರ್ಮಾನಿಸಿದಂತೆ. ಅದು ತೆರೆದ ಕೋರ್ಟಿನಲ್ಲಿ ಎಲ್ಲರೆದುರು ನಡೆಯುವ ಕೆಲಸವೂ ಅಲ್ಲ.

ನನಗೆ ಸರಿ ಕಾಣುವುದು ಇಂಗ್ಲೆಂಡ್ ಮತ್ತು ವೇಲ್ಸ್ ಹಿಡಿದ ದಾರಿ. ಅಲ್ಲಿ 2010ರಿಂದ ಶಿಕ್ಷೆಯ ಮಾರ್ಗಸೂಚಿ ಬರೆಯಲೆಂದೇ ಒಂದು ಮಂಡಳಿ ಇದೆ. ಎಲ್ಲ ಜಡ್ಜ್‌ಗಳೂ ಒಂದೇ ಕ್ರಮದಲ್ಲಿ ಯೋಚಿಸಬೇಕು. ಆರೋಪಿ ಯೋಜನೆ ಹಾಕಿ ಮಾಡಿದನೇ, ಗಳಿಗೆಯ ಸಿಟ್ಟಿನಲ್ಲೇ? ಎದುರಿನವರಿಗೆ ಎಷ್ಟು ಪೆಟ್ಟಾಯಿತು? ಇವೆರಡರಿಂದ ಒಂದು ಆರಂಭದ ಅಂಕಿ ಸಿಗುತ್ತದೆ. ಹಳೆಯ ಅಪರಾಧಗಳಿದ್ದರೆ ಅದು ಮೇಲೇರುತ್ತದೆ, ನಿಜವಾದ ಪಶ್ಚಾತ್ತಾಪ ಕಂಡರೆ ಇಳಿಯುತ್ತದೆ. ಮೊದಲ ಅವಕಾಶದಲ್ಲೇ ತಪ್ಪೊಪ್ಪಿಕೊಂಡರೆ ಮೂರನೇ ಒಂದು ಭಾಗದವರೆಗೆ ಕಡಿತ. ಇದು ನ್ಯಾಯಕ್ಕೆ ಹೊಂದುವುದಿಲ್ಲ ಅನ್ನಿಸಿದರೆ ಜಡ್ಜ್ ಮಾರ್ಗಸೂಚಿ ಬಿಟ್ಟೂ ಹೋಗಬಹುದು. ಆದರೆ ಏಕೆ ಎಂದು ತೆರೆದ ಕೋರ್ಟಿನಲ್ಲಿ ಹೇಳಲೇಬೇಕು.

ಇಷ್ಟಾದ ಮೇಲೂ ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಏಳು ವರ್ಷ ಆಗಬಹುದು. ಆದರೆ ಆಗ ಏಳು ವರ್ಷ ಪಡೆದವನ ತಾಯಿ ‘ನನ್ನ ಮಗನಿಗೇಕೆ ಇಷ್ಟು?’ ಎಂದು ಕೇಳಿದರೆ ತೋರಿಸಲು ಕಾರಣಗಳು ಇರುತ್ತವೆ. ಆ ಕಾರಣ ತಪ್ಪೆನಿಸಿದರೆ ಅದನ್ನೇ ಹಿಡಿದು ವಕೀಲರು ಮೇಲ್ಮನವಿ ಹಾಕಬಹುದು.